ಸೋರಿದ ನೀರು ಜವಳು, ಸೋರಿದ ಕಣ ವಿಕಿರಣ

ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದಲ್ಲಿ ನಿಂತ ಘಟಪ್ರಭೆಯ ನೀರು, ಗೋಕಾಕ ತಾಲ್ಲೂಕಿನ ಧೂಪದಾಳದ ಒಡ್ಡಿನ ಬಳಿ ಎಡದಂಡೆ ಕಾಲುವೆಗೆ ಇಳಿದು, ಗೋಕಾಕ, ಮೂಡಲಗಿ ಭಾಗದ ಹೊಲಗಳತ್ತ ಹರಿಯುತ್ತದೆ. ಬಿಟ್ಟ ನೀರೆಲ್ಲ ಬೆಳೆಯ ಬೇರಿಗೆ ಮುಟ್ಟುವುದಿಲ್ಲ. ಒಂದಿಷ್ಟು ಆವಿಯಾಗುತ್ತದೆ, ಒಂದಿಷ್ಟು ಇಂಗುತ್ತದೆ, ಬಿರುಕು ಬಿಟ್ಟ ಕಡೆ ಒಂದಿಷ್ಟು ಸೋರುತ್ತದೆ.

ಈ ಸೋರಿಕೆಯಿಂದ ಆಗುವ ನಷ್ಟ ಎರಡು ಬಗೆಯದು. ಕಾಲುವೆಯ ಕೊನೆಯಂಚಿನ ರೈತನಿಗೆ ನೀರು ಕಡಿಮೆಯಾಗುವುದು ಮೊದಲನೆಯದು. ಇದು ಎಲ್ಲರ ಕಣ್ಣಿಗೂ ಬೀಳುತ್ತದೆ. ಎರಡನೆಯದು ನಿಧಾನವಾಗಿ ಗೊತ್ತಾಗುತ್ತದೆ. ಸೋರಿದ ನೀರು ಕಾಲುವೆಯ ಪಕ್ಕದ ಕರಿಮಣ್ಣಿನಲ್ಲಿ ನಿಲ್ಲುತ್ತದೆ, ಒಳಗಿನ ಉಪ್ಪು ಮೇಲೇಳುತ್ತದೆ, ಹೊಲ ಸವಳು-ಜವಳಾಗುತ್ತದೆ. ಅಂದರೆ ಕಳೆದುಹೋದ ನೀರು ಬರೀ ಕಳೆದುಹೋಗುವುದಿಲ್ಲ. ತಾನು ಬಿದ್ದ ಜಾಗವನ್ನು ಕೆಡಿಸಿ ಹೋಗುತ್ತದೆ.

ಈ ಎರಡನೆಯ ನಷ್ಟವನ್ನು ಅರಿತವರಿಗೆ ಆಧುನಿಕ ಭೌತವಿಜ್ಞಾನದ ಒಂದು ಕಠಿಣ ಸಮಸ್ಯೆ ಸುಲಭವಾಗಿ ಅರ್ಥವಾಗುತ್ತದೆ. ಅದೇ ನೇರ ಸಾಲಿನ ಕಣವೇಗವರ್ಧಕಗಳಲ್ಲಿ, ಅಂದರೆ 'ಲಿನಾಕ್' ಎಂದು ಕರೆಯಲಾಗುವ ಯಂತ್ರಗಳಲ್ಲಿ, ಕಣಧಾರೆ ಸೋರಿಹೋಗುವ ಸಮಸ್ಯೆ.

ಜಲಪಾತ ಮತ್ತು ಜೋಕಾಲಿ

ಗೋಕಾಕ ಜಲಪಾತದಲ್ಲಿ ಘಟಪ್ರಭೆ ಸುಮಾರು 52 ಮೀಟರ್ ಆಳಕ್ಕೆ ಒಂದೇ ನೆಗೆತಕ್ಕೆ ಧುಮುಕುತ್ತದೆ. ಎತ್ತರ ಹೆಚ್ಚಿದಷ್ಟೂ ನೀರು ಗಳಿಸುವ ಶಕ್ತಿ ಹೆಚ್ಚು. ವಿದ್ಯುದಂಶವುಳ್ಳ ಪ್ರೋಟಾನ್ ಅಥವಾ ಎಲೆಕ್ಟ್ರಾನಿಗೆ ವೋಲ್ಟೇಜೇ ಎತ್ತರವಿದ್ದಂತೆ. ಒಂದು ಪ್ರೋಟಾನು 100 ಕೋಟಿ ವೋಲ್ಟ್‌ನಷ್ಟು 'ಎತ್ತರ'ವನ್ನು ಇಳಿದರೆ ಅದರ ವೇಗ ಬೆಳಕಿನ ವೇಗದ ಸುಮಾರು ನೂರಕ್ಕೆ 87ರಷ್ಟಾಗುತ್ತದೆ.

ಆದರೆ 100 ಕೋಟಿ ವೋಲ್ಟ್ ಅನ್ನು ಒಂದೇ ಕಡೆ ಹಿಡಿದಿಡಲು ಸಾಧ್ಯವಿಲ್ಲ. ಅದಕ್ಕೆ ಬಹಳ ಮೊದಲೇ ಕಿಡಿ ಹಾರುತ್ತದೆ. ಆದ್ದರಿಂದ ಲಿನಾಕ್‌ನಲ್ಲಿ ಒಂದೇ ದೊಡ್ಡ ನೆಗೆತದ ಬದಲು ನೂರಾರು ಸಣ್ಣ ತಳ್ಳುಗಳಿರುತ್ತವೆ. ಪಂಚಮಿ ಹಬ್ಬದ ಜೋಕಾಲಿಯನ್ನು ನೆನೆದರೆ ಸಾಕು. ಸರಿಯಾದ ಹೊತ್ತಿಗೆ ಕೊಟ್ಟ ಸಣ್ಣ ಸಣ್ಣ ತಳ್ಳುಗಳೇ ಜೋಕಾಲಿಯನ್ನು ಮರದ ಕೊಂಬೆಯವರೆಗೆ ಏರಿಸುತ್ತವೆ. ಹೊತ್ತು ತಪ್ಪಿ ತಳ್ಳಿದರೆ ಜೋಕಾಲಿ ನಿಲ್ಲುತ್ತದೆ.

ಲಿನಾಕ್‌ನಲ್ಲಿ ಸಾಲಾಗಿ ಜೋಡಿಸಿದ ಲೋಹದ ಪೊಳ್ಳು ಪೆಟ್ಟಿಗೆಗಳೊಳಗೆ ವಿದ್ಯುತ್ ಕ್ಷೇತ್ರ ಸೆಕೆಂಡಿಗೆ ಕೋಟ್ಯಂತರ ಸಲ ದಿಕ್ಕು ಬದಲಿಸುತ್ತಿರುತ್ತದೆ. ಕಣಗಳ ಗುಂಪು ಪ್ರತಿ ಪೆಟ್ಟಿಗೆಗೂ ಸರಿಯಾದ ಗಳಿಗೆಗೆ ಬಂದರೆ ಮುಂದಕ್ಕೆ ತಳ್ಳಿಸಿಕೊಳ್ಳುತ್ತದೆ. ಪೆಟ್ಟಿಗೆಗಳ ನಡುವೆ ನಾಲ್ಕು ಧ್ರುವಗಳ ಕಾಂತಗಳಿದ್ದು, ಅವು ಮಸೂರಗಳಂತೆ ಕೆಲಸ ಮಾಡಿ, ಚದುರಲು ನೋಡುವ ಕಣಗಳನ್ನು ಮತ್ತೆ ನಡುಗೆರೆಯತ್ತ ತರುತ್ತವೆ. ಇಡೀ ಪ್ರಯಾಣ ಗಾಳಿ ತೆಗೆದ ಕೊಳವೆಯೊಳಗೆ ನಡೆಯುತ್ತದೆ.

ಕಾಲುವೆಗೆ ದಂಡೆಯಿದೆ. ಕಣಧಾರೆಗೆ ಅಂಥ ದಂಡೆ ಇಲ್ಲ. ಕೊಳವೆಯ ಗೋಡೆ ಇರುವುದು ಗಾಳಿಯನ್ನು ಹೊರಗಿಡಲಿಕ್ಕೆ. ಕಣ ಅದನ್ನು ಮುಟ್ಟಿತೆಂದರೆ ಅದು ಕಳೆದುಹೋದಂತೆಯೇ.

ಹದಿನಾಲ್ಕು ಲಕ್ಷದಲ್ಲಿ ಒಂದು

ಸೋರಿಕೆಯನ್ನು ಎಷ್ಟರಮಟ್ಟಿಗೆ ತಡೆಯಬೇಕು? ಅಮೆರಿಕದ ಟೆನೆಸಿ ರಾಜ್ಯದ ಓಕ್ ರಿಜ್‌ನಲ್ಲಿ 'ಸ್ಪಾಲೇಷನ್ ನ್ಯೂಟ್ರಾನ್ ಸೋರ್ಸ್' ಎಂಬ ಯಂತ್ರವಿದೆ. 2006ರಲ್ಲಿ ಕೆಲಸ ಆರಂಭಿಸಿದ ಇದರ ಲಿನಾಕ್‌ನ ಉದ್ದ ಸುಮಾರು 335 ಮೀಟರ್. ಅದರ ವಿನ್ಯಾಸದ ಗುರಿ ಇಟ್ಟದ್ದು 100 ಕೋಟಿ ವೋಲ್ಟ್ ಮತ್ತು ಸರಾಸರಿ 1.4 ಮಿಲಿ ಆಂಪಿಯರ್‌ಗೆ. ಹತ್ತನೆಯ ತರಗತಿಯ ವಿದ್ಯಾರ್ಥಿಯೂ ಇವನ್ನು ಗುಣಿಸಬಲ್ಲ. ಬರುವ ಉತ್ತರ 14 ಲಕ್ಷ ವಾಟ್. ತೆಳ್ಳಗಿನ ಧಾರೆಯಲ್ಲಿ ಹರಿಯುವ ಸಾಮರ್ಥ್ಯ ಇದು.

ಇಂಥ ಪ್ರೋಟಾನ್ ಯಂತ್ರಗಳನ್ನು ಕಟ್ಟುವವರು ಜಗತ್ತಿನಾದ್ಯಂತ ಒಂದು ಮಿತಿಯನ್ನು ಪಾಲಿಸುತ್ತಾರೆ. ಕೊಳವೆಯ ಪ್ರತಿ ಮೀಟರಿಗೆ ಸೋರಿಕೆ 1 ವಾಟ್ ದಾಟಬಾರದು. ಅಂದರೆ 14 ಲಕ್ಷ ಕಣಗಳಲ್ಲಿ ಒಂದು ಕಣ ಮಾತ್ರ ಆ ಒಂದು ಮೀಟರಿನಲ್ಲಿ ಗೋಡೆಗೆ ಬೀಳಬಹುದು. ಇಡೀ 335 ಮೀಟರಿನಲ್ಲೂ ಹೀಗೆಯೇ ಸೋರಿತೆಂದುಕೊಂಡರೂ ಒಟ್ಟು ನಷ್ಟ 335 ವಾಟ್. ಅಡುಗೆಮನೆಯ ಮಿಕ್ಸರ್ ಬಳಸುವುದು ಇದಕ್ಕಿಂತ ಹೆಚ್ಚು.

ಇಷ್ಟು ಸಣ್ಣ ನಷ್ಟಕ್ಕೆ ಇಷ್ಟೊಂದು ಚಿಂತೆಯೇಕೆ? ಕೊನೆಗೆ ತಲುಪುವ ಕಣಗಳ ಕೊರತೆ ಇದಕ್ಕೆ ಕಾರಣವಲ್ಲ. ಜವಳಿನ ಭಯವೇ ಕಾರಣ.

ಅತಿ ವೇಗದ ಪ್ರೋಟಾನು ಗೋಡೆಯ ಲೋಹಕ್ಕೆ ಬಡಿದಾಗ, ಅಲ್ಲಿನ ಪರಮಾಣುವಿನ ನ್ಯೂಕ್ಲಿಯಸ್ಸನ್ನೇ ಒಡೆಯುತ್ತದೆ. ಅದರಿಂದ ನ್ಯೂಟ್ರಾನುಗಳು ಸಿಡಿಯುತ್ತವೆ. ಉಳಿದ ತುಣುಕುಗಳಲ್ಲಿ ಹಲವು ವಿಕಿರಣಶೀಲವಾಗಿರುತ್ತವೆ. ಯಂತ್ರವನ್ನು ನಿಲ್ಲಿಸಿದ ಮೇಲೂ ಅವು ಗಂಟೆಗಟ್ಟಲೆ, ದಿನಗಟ್ಟಲೆ, ಕೆಲವು ವರ್ಷಗಟ್ಟಲೆ ವಿಕಿರಣ ಸೂಸುತ್ತಲೇ ಇರುತ್ತವೆ. 100 ಕೋಟಿ ವೋಲ್ಟ್ ಶಕ್ತಿಯಲ್ಲಿ 1 ವಾಟ್ ಎಂದರೆ ಸೆಕೆಂಡಿಗೆ ಸುಮಾರು 624 ಕೋಟಿ ಪ್ರೋಟಾನುಗಳು. ಇಷ್ಟು ಕಣಗಳು ಒಂದೇ ಮೀಟರಿನಲ್ಲಿ ತಿಂಗಳುಗಟ್ಟಲೆ ಬಡಿದರೆ ಲೋಹ ಕೆಡದೆ ಇರುತ್ತದೆಯೇ?

ಮಿತಿಯ ಹಿಂದಿರುವ ಮನುಷ್ಯ

ಯಂತ್ರವೆಂದ ಮೇಲೆ ರಿಪೇರಿ ಇದ್ದೇ ಇದೆ. ಪಂಪು ಕೆಡುತ್ತದೆ, ಜೋಡಣೆ ಸಡಿಲವಾಗುತ್ತದೆ, ತಂತಿ ಸುಡುತ್ತದೆ. ಆಗ ಒಬ್ಬ ತಂತ್ರಜ್ಞ ಸುರಂಗದೊಳಗೆ ಹೋಗಿ, ಕೊಳವೆಯ ಪಕ್ಕ ನಿಂತು, ಕೈಯಿಂದಲೇ ಕೆಲಸ ಮಾಡಬೇಕು. ಮೀಟರಿಗೆ 1 ವಾಟ್ ಎಂಬ ಮಿತಿ ಹುಟ್ಟಿದ್ದು ಈ ಮನುಷ್ಯನನ್ನು ಕಣ್ಣಮುಂದೆ ಇಟ್ಟುಕೊಂಡು.

ಈ ಮಿತಿಯಲ್ಲಿ ಯಂತ್ರ 100 ದಿನ ನಡೆದು, ನಿಂತು ನಾಲ್ಕು ಗಂಟೆಯಾದ ಮೇಲೆ, ಕೊಳವೆಯಿಂದ ಒಂದು ಅಡಿ ದೂರದಲ್ಲಿ ವಿಕಿರಣದ ಪ್ರಮಾಣ ಗಂಟೆಗೆ ಸುಮಾರು 1 ಮಿಲಿ ಸೀವರ್ಟ್ ಇರುತ್ತದೆ ಎಂಬುದು ಲೆಕ್ಕ. ಭಾರತದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮದಂತೆ ಸಾಮಾನ್ಯ ನಾಗರಿಕರಿಗೆ ಇಂಥ ಕೆಲಸಗಳಿಂದ ಇಡೀ ವರ್ಷದಲ್ಲಿ ತಾಗಬಹುದಾದ ಮಿತಿ 1 ಮಿಲಿ ಸೀವರ್ಟ್. ವಿಕಿರಣದ ನಡುವೆ ದುಡಿಯುವವರಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20. ಅಂದರೆ ಮಿತಿಯೊಳಗೇ ನಡೆದ ಯಂತ್ರದ ಪಕ್ಕದಲ್ಲಿ ಕೂಡ ಆ ತಂತ್ರಜ್ಞ ಒಂದು ಗಂಟೆ ನಿಂತರೆ ನಾಗರಿಕನೊಬ್ಬನ ಇಡೀ ವರ್ಷದ ಪಾಲು ಅವನ ಮೈಗೆ ಸೇರುತ್ತದೆ. 20 ಗಂಟೆ ನಿಂತರೆ ಅವನ ವರ್ಷದ ಪಾಲೇ ಮುಗಿಯುತ್ತದೆ. ಸೋರಿಕೆ ಹತ್ತು ಪಟ್ಟಾದರೆ ಈ 20 ಗಂಟೆ ಎರಡು ಗಂಟೆಗೆ ಇಳಿಯುತ್ತದೆ. ಆಗ ರಿಪೇರಿಗೆ ಜನ ಸಾಲುವುದಿಲ್ಲ, ಯಂತ್ರ ತಿಂಗಳುಗಟ್ಟಲೆ ನಿಲ್ಲಬೇಕಾಗುತ್ತದೆ.

ಸೋರಿಕೆಗೆ ಕಾರಣಗಳು

ಮೊದಲ ಕಾರಣ ಜೋಡಣೆಯ ದೋಷ. ಕಾಂತವೊಂದು ನಡುಗೆರೆಯಿಂದ ಮಿಲಿಮೀಟರಿನ ಸಣ್ಣ ಭಾಗದಷ್ಟು ಸರಿದಿದ್ದರೂ ಧಾರೆ ಓರೆಯಾಗುತ್ತದೆ. ಮುಂದಿನ ಕಾಂತಗಳಲ್ಲಿ ಆ ಓರೆ ಬೆಳೆಯಬಹುದು.

ಎರಡನೆಯದು ಕಣಗಳ ಪರಸ್ಪರ ವಿಕರ್ಷಣೆ. ಧನ ವಿದ್ಯುದಂಶ ಧನ ವಿದ್ಯುದಂಶವನ್ನು ದೂಡುತ್ತದೆ ಎಂಬುದು ಶಾಲೆಯ ಪಾಠ. ಒಂದೇ ಗುಂಪಿನಲ್ಲಿ ಒತ್ತಾಗಿ ತುಂಬಿದ ಕೋಟಿಗಟ್ಟಲೆ ಪ್ರೋಟಾನುಗಳು ಒಂದನ್ನೊಂದು ಹೊರದೂಡುತ್ತಿರುತ್ತವೆ. ಹುಣ್ಣಿಮೆಯ ಚಂದ್ರನ ಸುತ್ತ ಕೆಲವೊಮ್ಮೆ ಮಸುಕಾದ ಬಳೆ ಕಾಣುವಂತೆ, ಗಟ್ಟಿಯಾದ ಧಾರೆಯ ಸುತ್ತ ತೆಳ್ಳನೆಯ ಪರಿವೇಷ ಬೆಳೆಯುತ್ತದೆ. ಇದರಲ್ಲಿರುವ ಕಣಗಳು ಅತ್ಯಲ್ಪ. ಆದರೆ ಗೋಡೆಗೆ ಬೀಳುವವು ಹೆಚ್ಚಾಗಿ ಇವೇ. ಒಂದು ವಿಭಾಗದಿಂದ ಮುಂದಿನದಕ್ಕೆ ದಾಟುವಾಗ ಧಾರೆಯ ಅಳತೆ ಮತ್ತು ಕಾಂತಗಳ ಬಲ ಹೊಂದದಿದ್ದರೆ ಈ ಪರಿವೇಷ ಇನ್ನಷ್ಟು ಹಿಗ್ಗುತ್ತದೆ.

ಮೂರನೆಯದು ಹೊತ್ತು ತಪ್ಪುವುದು. ಪೆಟ್ಟಿಗೆಯ ವಿದ್ಯುತ್ ಕ್ಷೇತ್ರದ ಬಲವಾಗಲಿ ಗಳಿಗೆಯಾಗಲಿ ಸ್ವಲ್ಪ ಏರುಪೇರಾದರೆ ಕೆಲವು ಕಣಗಳು ಗುಂಪಿನಿಂದ ಹಿಂದುಳಿಯುತ್ತವೆ. ಮುಂದಿನ ತಳ್ಳು ಅವಕ್ಕೆ ತಪ್ಪು ಗಳಿಗೆಯಲ್ಲಿ ಸಿಗುತ್ತದೆ. ಶಕ್ತಿ ಬೇರೆಯಾದ ಕಣವನ್ನು ಕಾಂತಗಳೂ ಸರಿಯಾಗಿ ಹಿಡಿಯಲಾರವು.

ನಾಲ್ಕನೆಯದು ಉಳಿದ ಗಾಳಿ. ಎಷ್ಟೇ ಪಂಪು ಮಾಡಿದರೂ ಕೊಳವೆಯಲ್ಲಿ ಕೆಲವು ಅನಿಲದ ಅಣುಗಳು ಉಳಿಯುತ್ತವೆ. ಅವಕ್ಕೆ ತಾಗಿದ ಕಣ ದಾರಿ ಬಿಡುತ್ತದೆ.

ಪಠ್ಯಪುಸ್ತಕಕ್ಕೆ ವಿರುದ್ಧ ನಡೆದ ಧಾರೆ

ಐದನೆಯ ಕಾರಣದ ಪತ್ತೆ ಒಂದು ಸ್ವಾರಸ್ಯದ ಕತೆ. ಓಕ್ ರಿಜ್‌ನ ಲಿನಾಕ್‌ನಲ್ಲಿ ಓಡುವುದು ಬರೀ ಪ್ರೋಟಾನಲ್ಲ. ಒಂದು ಎಲೆಕ್ಟ್ರಾನ್ ಹೆಚ್ಚಿಗೆ ಹೊತ್ತ ಹೈಡ್ರೋಜನ್, ಅಂದರೆ ಋಣ ಹೈಡ್ರೋಜನ್ ಅಯಾನು. ಲಿನಾಕ್‌ನ ತುದಿಯಲ್ಲಿ ಇದನ್ನು ತೆಳುವಾದ ಹಾಳೆಯ ಮೂಲಕ ಹಾಯಿಸಿ ಎರಡೂ ಎಲೆಕ್ಟ್ರಾನುಗಳನ್ನು ಕಳಚುತ್ತಾರೆ. ಹೀಗೆ ಮಾಡಿದರೆ ಮುಂದಿನ ಉಂಗುರದಲ್ಲಿ ಪ್ರೋಟಾನುಗಳನ್ನು ಸುತ್ತಿನ ಮೇಲೆ ಸುತ್ತಾಗಿ ಪೇರಿಸಬಹುದು.

ಆದರೆ ಈ ಅಯಾನು ಬಹಳ ನಾಜೂಕಿನದು. ಸಾಮಾನ್ಯ ಹೈಡ್ರೋಜನ್ ಪರಮಾಣುವಿನ ಎಲೆಕ್ಟ್ರಾನನ್ನು ಕೀಳಲು 13.6 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಹೆಚ್ಚಿನ ಆ ಎರಡನೆಯ ಎಲೆಕ್ಟ್ರಾನನ್ನು ಕೀಳಲು ಸುಮಾರು 0.75 ಸಾಕು. ಅದು ಕಳಚಿದರೆ ಉಳಿಯುವುದು ವಿದ್ಯುದಂಶವಿಲ್ಲದ ಪರಮಾಣು. ಅದನ್ನು ಯಾವ ಕಾಂತವೂ ತಿರುಗಿಸಲಾರದು. ನೆಟ್ಟಗೆ ಹೋಗಿ ಗೋಡೆಗೆ ಬೀಳುತ್ತದೆ.

ಯಂತ್ರ ಚಾಲೂ ಆದ ಮೇಲೆ ಅದರ ಅತಿವಾಹಕ ಭಾಗದಲ್ಲಿ, ಗಣಕದ ಲೆಕ್ಕ ಹೇಳಿದ್ದಕ್ಕಿಂತ ಹೆಚ್ಚು ಸೋರಿಕೆ ಕಂಡುಬಂತು. ಕಾಂತಗಳ ಬಲವನ್ನು ಹೆಚ್ಚಿಸಿ ಧಾರೆಯನ್ನು ಸಣ್ಣದಾಗಿ ಹಿಡಿದರೆ ಸೋರಿಕೆ ತಗ್ಗಬೇಕು ಎಂಬುದು ಎಲ್ಲರೂ ಕಲಿತ ಪಾಠ. ಯಂತ್ರ ನಡೆಸುವವರು ಪ್ರಯತ್ನಿಸುತ್ತ ಹೋದಾಗ ಕಂಡದ್ದು ಇದಕ್ಕೆ ತದ್ವಿರುದ್ಧ. ಕಾಂತಗಳ ಬಲವನ್ನು ವಿನ್ಯಾಸದಲ್ಲಿ ಹೇಳಿದ್ದಕ್ಕಿಂತ ಇಳಿಸಿ, ಧಾರೆ ದಪ್ಪವಾಗಲು ಬಿಟ್ಟರೆ ಸೋರಿಕೆ ಕಡಿಮೆಯಾಗುತ್ತಿತ್ತು! ಏಕೆಂದು ಹೇಳಲಾಗದಿದ್ದರೂ ಅವರು ಅದನ್ನೇ ಅನುಸರಿಸಿದರು.

2010ರಲ್ಲಿ ಅಮೆರಿಕದ ಫರ್ಮಿ ಪ್ರಯೋಗಾಲಯದ ವಲೇರಿ ಲೆಬೆದೇವ್ ಕಾರಣವನ್ನು ಸೂಚಿಸಿದರು. ಧಾರೆಯ ಒಳಗೇ ಅಯಾನುಗಳು ಒಂದಕ್ಕೊಂದು ತಾಗಿ ಎಲೆಕ್ಟ್ರಾನ್ ಕಳಚಿಕೊಳ್ಳುತ್ತಿವೆ ಎಂಬುದು ಅವರ ವಾದ. ಸಂತೆಯ ಓಣಿಯಲ್ಲಿ ಜನ ಒತ್ತಾದಷ್ಟೂ ತಲೆಯ ಮೇಲಿನ ಬುಟ್ಟಿ ಬೀಳುವುದು ಹೆಚ್ಚು. ಓಣಿ ಅಗಲವಾದರೆ ತಾಗುವುದು ಕಡಿಮೆ. ಧಾರೆ ದಪ್ಪವಾದಾಗ ಸೋರಿಕೆ ತಗ್ಗಿದ್ದು ಹೀಗೆ.

ವಾದ ಚೆನ್ನಾಗಿದ್ದರೆ ಸಾಲದು, ಪರೀಕ್ಷೆಯಲ್ಲಿ ಗೆಲ್ಲಬೇಕು. ಓಕ್ ರಿಜ್‌ನ ವಿಜ್ಞಾನಿಗಳು ಲಿನಾಕ್‌ನ ಆರಂಭದಲ್ಲೇ ತೆಳು ಹಾಳೆಯೊಂದನ್ನು ಅಡ್ಡವಿಟ್ಟು ಅಯಾನುಗಳನ್ನು ಪ್ರೋಟಾನುಗಳಾಗಿ ಮಾಡಿದರು. ವಿದ್ಯುದಂಶ ತಿರುವುಮುರುವಾದ ಕಾರಣ ಪೆಟ್ಟಿಗೆಗಳ ತಳ್ಳಿನ ಗಳಿಗೆಯನ್ನು ಅರ್ಧ ಆವರ್ತದಷ್ಟು ಸರಿಸಿದರು. ಪ್ರೋಟಾನಿನಲ್ಲಿ ಕಳಚಿಕೊಳ್ಳಲು ಎಲೆಕ್ಟ್ರಾನೇ ಇಲ್ಲ. ಲೆಬೆದೇವ್ ಹೇಳಿದ್ದು ನಿಜವಾದರೆ ಸೋರಿಕೆ ಇಳಿಯಬೇಕು. ಅದು ಎದ್ದು ಕಾಣುವಷ್ಟು ಇಳಿಯಿತು. 2012ರಲ್ಲಿ ಈ ಪ್ರಯೋಗದ ವರದಿ ಪ್ರಕಟವಾಯಿತು. ಒಂದು ಅಂಶವನ್ನು ಮಾತ್ರ ಬದಲಿಸಿ ಪರಿಣಾಮವನ್ನು ಅಳೆಯುವುದು ಹೇಗೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ವಿದ್ಯಾರ್ಥಿಗಳಿಗೆ ಸಿಗುವುದು ಕಷ್ಟ.

ತಡೆಯುವ ಬಗೆ

ಕಾಲುವೆಯ ಒಡಕನ್ನು ಬೇಗ ಕಂಡುಹಿಡಿದರೆ ಅರ್ಧ ಕೆಲಸ ಮುಗಿದಂತೆ. ಲಿನಾಕ್‌ನ ಉದ್ದಕ್ಕೂ ಅನಿಲ ತುಂಬಿದ ಸಣ್ಣ ಕೋಶಗಳನ್ನು ಇಟ್ಟಿರುತ್ತಾರೆ. ಎಲ್ಲಿಯಾದರೂ ಕಣಗಳು ಗೋಡೆಗೆ ಬಿದ್ದರೆ ಅಲ್ಲಿಂದ ಹೊರಟ ವಿಕಿರಣ ಕೋಶದ ಅನಿಲವನ್ನು ಅಯಾನೀಕರಿಸುತ್ತದೆ, ಸಣ್ಣ ವಿದ್ಯುತ್ ಹರಿಯುತ್ತದೆ. ಯಾವ ಕೋಶ ಎಷ್ಟು ಹೇಳಿತು ಎಂಬುದರಿಂದ ಸೋರಿಕೆಯ ಜಾಗ ಮತ್ತು ಪ್ರಮಾಣ ತಿಳಿಯುತ್ತದೆ. ಮಿತಿ ಮೀರಿದರೆ ಸೆಕೆಂಡಿನ ಲಕ್ಷದ ಕೆಲವು ಭಾಗಗಳಷ್ಟು ಸಮಯದಲ್ಲಿ ಧಾರೆ ತಾನಾಗಿ ನಿಲ್ಲುತ್ತದೆ. ಪೂರ್ಣ ಧಾರೆ ದಾರಿ ತಪ್ಪಿ ಒಂದೇ ಕಡೆ ಬಿದ್ದರೆ ಲೋಹವೇ ಹಾಳಾಗುವ ಕಾರಣ ಇಷ್ಟು ಅವಸರ.

ಎರಡನೆಯ ಉಪಾಯ ಕೆಟ್ಟ ಕಣಗಳನ್ನು ಮೊದಲೇ ತೆಗೆಯುವುದು. ಜೋಳವನ್ನು ಬೀಸಿದ ಮೇಲೆ ಹರಳು ಆರಿಸಲಾಗದು, ಬೀಸುವ ಮೊದಲೇ ಹಸನು ಮಾಡಬೇಕು. ವೇಗ ಕಡಿಮೆಯಿರುವಾಗ ಪ್ರೋಟಾನಿಗೆ ಲೋಹದ ನ್ಯೂಕ್ಲಿಯಸ್ಸಿನ ಒಳಹೊಗುವ ಶಕ್ತಿ ಇರುವುದಿಲ್ಲ. ಅಲ್ಲಿ ಅದು ಗೋಡೆಗೆ ಬಿದ್ದರೂ ಜವಳು ಕಡಿಮೆ. ಆದ್ದರಿಂದ ಪರಿವೇಷದ ಕಣಗಳನ್ನು ಲಿನಾಕ್‌ನ ಆರಂಭದಲ್ಲೇ ಲೋಹದ ಅಂಚುಗಳಿಂದ ಹೆರೆದು ತೆಗೆಯುತ್ತಾರೆ. ಮುಂದೆಯೂ ಸೋರಲೇಬೇಕಿದ್ದರೆ ಅದಕ್ಕೆಂದೇ ದಪ್ಪ ಕವಚದ ತಡೆಗಳನ್ನಿಟ್ಟು, ಬೇಕಾದ ಜಾಗದಲ್ಲೇ ಬೀಳುವಂತೆ ಮಾಡುತ್ತಾರೆ.

ಉಳಿದದ್ದು ದಿನನಿತ್ಯದ ಜಾಗರೂಕತೆ. ಧಾರೆ ಎಲ್ಲಿದೆಯೆಂದು ಅಳೆದು ಸಣ್ಣ ಕಾಂತಗಳಿಂದ ತಿದ್ದುವುದು, ಗಾಳಿಯನ್ನು ಚೆನ್ನಾಗಿ ತೆಗೆಯುವುದು, ಕ್ಷೇತ್ರದ ಬಲ ಮತ್ತು ಗಳಿಗೆಯನ್ನು ಕ್ಷಣಕ್ಷಣಕ್ಕೂ ಸರಿಪಡಿಸುವುದು.

ಆಸ್ಪತ್ರೆಯ ಲಿನಾಕ್ ಮತ್ತು ಒಂದು ತಪ್ಪು ಭಯ

ಹೆಚ್ಚಿನ ಜನರಿಗೆ ಲಿನಾಕ್ ಪರಿಚಯವಾಗುವುದು ಪ್ರಯೋಗಾಲಯದಲ್ಲಲ್ಲ, ಕ್ಯಾನ್ಸರ್ ಆಸ್ಪತ್ರೆಯಲ್ಲಿ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ಕಡೆ 'ಕರೆಂಟ್ ಕೊಡುವುದು' ಎಂದು ಜನ ಹೇಳುವ ಚಿಕಿತ್ಸೆಯನ್ನು ಕೊಡುವ ಯಂತ್ರ ಇದೇ ಜಾತಿಯದು. ಅದರ ಉದ್ದ ಒಂದೆರಡು ಮೀಟರ್ ಮಾತ್ರ, ಓಡುವ ಕಣ ಎಲೆಕ್ಟ್ರಾನ್. ಎಲೆಕ್ಟ್ರಾನುಗಳು ಟಂಗ್‌ಸ್ಟನ್‌ನಂಥ ಲೋಹಕ್ಕೆ ಬಡಿದಾಗ ಹುಟ್ಟುವ ಕ್ಷ-ಕಿರಣಗಳನ್ನು ಗಡ್ಡೆಯ ಮೇಲೆ ಬಿಡುತ್ತಾರೆ. ಯಂತ್ರದ ತಲೆಯಿಂದ ಬೇರೆ ದಿಕ್ಕಿಗೆ ಸೋರುವ ಕಿರಣ, ಮುಖ್ಯ ಕಿರಣದ ಸಾವಿರದಲ್ಲಿ ಒಂದು ಪಾಲನ್ನು ಮೀರಬಾರದೆಂಬ ನಿಯಮವಿದೆ. ಸುತ್ತಲಿನ ದಪ್ಪ ಕಾಂಕ್ರೀಟ್ ಗೋಡೆ ಉಳಿದದ್ದನ್ನು ತಡೆಯುತ್ತದೆ.

ಇಂಥ ಚಿಕಿತ್ಸೆ ಪಡೆದು ಊರಿಗೆ ಮರಳಿದ ಅಜ್ಜಿಯ ಹತ್ತಿರ ಮಕ್ಕಳನ್ನು ಬಿಡಲು ಕೆಲವು ಮನೆಗಳಲ್ಲಿ ಹೆದರುತ್ತಾರೆ. ಈ ಹೆದರಿಕೆಗೆ ಆಧಾರವಿಲ್ಲ. ದೀಪ ಆರಿಸಿದ ಕೂಡಲೇ ಕೋಣೆಯಲ್ಲಿ ಬೆಳಕು ಉಳಿಯದಂತೆ, ಯಂತ್ರ ನಿಂತ ಮೇಲೆ ರೋಗಿಯ ಮೈಯಲ್ಲಿ ಕ್ಷ-ಕಿರಣ ಉಳಿಯುವುದಿಲ್ಲ. ಲಿನಾಕ್‌ನಿಂದ ಹೊರಗಿನ ಕಿರಣ ಪಡೆದವರು ತಾವು ವಿಕಿರಣ ಸೂಸುವುದಿಲ್ಲ. ಮೊಮ್ಮಕ್ಕಳು ಅವರ ತೊಡೆಯ ಮೇಲೆ ಕುಳಿತುಕೊಳ್ಳಬಹುದು. ಮೈಯೊಳಗೆ ವಿಕಿರಣಶೀಲ ಔಷಧ ಕೊಡುವ ಚಿಕಿತ್ಸೆ ಬೇರೆ. ಅದರಲ್ಲಿ ವೈದ್ಯರು ಹೇಳಿದ ದಿನಗಳವರೆಗೆ ಎಚ್ಚರಿಕೆ ಬೇಕು.

ನಮ್ಮ ದೇಶದಲ್ಲಿ

ತುಮಕೂರು ಜಿಲ್ಲೆಯಲ್ಲಿ 1925ರಲ್ಲಿ ಜನಿಸಿದ ಡಾ. ರಾಜಾರಾಮಣ್ಣನವರು ಕೊಲ್ಕತ್ತದ ಸೈಕ್ಲೋಟ್ರಾನ್ ಕೇಂದ್ರ ಮತ್ತು ಇಂದೋರಿನ ಸಂಶೋಧನಾ ಕೇಂದ್ರಗಳ ಸ್ಥಾಪನೆಯ ಹಿಂದಿದ್ದವರು. 1984ರಲ್ಲಿ ಶಂಕುಸ್ಥಾಪನೆಯಾದ ಇಂದೋರಿನ ಕೇಂದ್ರಕ್ಕೆ 2005ರಲ್ಲಿ ಅವರ ಹೆಸರನ್ನೇ ಇಡಲಾಯಿತು. ಮಂಗಳೂರು ವಿಶ್ವವಿದ್ಯಾಲಯದ ಮೈಕ್ರೊಟ್ರಾನ್ ಯಂತ್ರ ನೇರ ಸಾಲಿನದಲ್ಲ, ಎಲೆಕ್ಟ್ರಾನುಗಳನ್ನು ಸುತ್ತಿಸಿ ವೇಗ ಕೊಡುವಂಥದು. ನೇರ ಸಾಲಿನ ಅತಿವಾಹಕ ಲಿನಾಕ್‌ಗಳು ಮುಂಬಯಿ ಮತ್ತು ದೆಹಲಿಯಲ್ಲಿವೆ. ಟ್ರಾಂಬೆಯ ಭಾಭಾ ಕೇಂದ್ರದ ವಿಜ್ಞಾನಿಗಳು ಪ್ರೋಟಾನುಗಳಿಗೆ 2 ಕೋಟಿ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಕೊಡುವ ಲಿನಾಕ್ ಕಟ್ಟಿದ್ದಾರೆ. ಫರ್ಮಿ ಪ್ರಯೋಗಾಲಯದಲ್ಲಿ ನಿರ್ಮಾಣವಾಗುತ್ತಿರುವ ಹೊಸ ಲಿನಾಕ್‌ನ ಭಾಗಗಳ ತಯಾರಿಕೆಯಲ್ಲೂ ಭಾರತದ ಸಂಸ್ಥೆಗಳ ಕೈಯಿದೆ.

ದೇಶದ ದೂರದ ಗುರಿ ಥೋರಿಯಂ. ಪ್ರಬಲ ಪ್ರೋಟಾನ್ ಧಾರೆಯ ನೆರವಿನಿಂದ ಥೋರಿಯಂ ಆಧಾರಿತ ರಿಯಾಕ್ಟರ್ ನಡೆಸಬಹುದೆಂಬ ಯೋಜನೆಯಿದೆ. ಅದಕ್ಕೆ 100 ಕೋಟಿ ವೋಲ್ಟ್‌ನಲ್ಲಿ 10 ಮಿಲಿ ಆಂಪಿಯರ್‌ನಷ್ಟಾದರೂ ಧಾರೆ ಬೇಕು. ಅಂದರೆ 1 ಕೋಟಿ ವಾಟ್. ಆಗಲೂ ಮೀಟರಿಗೆ 1 ವಾಟ್ ಎಂಬ ಮಿತಿ ಬದಲಾಗುವುದಿಲ್ಲ, ಏಕೆಂದರೆ ರಿಪೇರಿಗೆ ಹೋಗುವ ಮನುಷ್ಯನ ಮೈ ಬದಲಾಗುವುದಿಲ್ಲ. ಸೋರಬಹುದಾದ ಪಾಲು ಮಾತ್ರ ಒಂದು ಮೀಟರಿನಲ್ಲಿ ಕೋಟಿಗೆ ಒಂದಕ್ಕೆ ಇಳಿಯುತ್ತದೆ.

ಮನೆಯಲ್ಲಿ ಮಾಡಿ ನೋಡಿ

ರಟ್ಟಿನ ಮೂರು ಉದ್ದ ತುಂಡುಗಳನ್ನು ನಡುವೆ ಮಡಿಚಿ ದೋಣಿಯಂತೆ ಮಾಡಿ. ಪುಸ್ತಕಗಳ ಮೇಲೆ ಇಳಿಜಾರಾಗಿ, ಮೇಲಿನದರ ತುದಿ ಕೆಳಗಿನದರೊಳಗೆ ಬರುವಂತೆ ಸಾಲಾಗಿ ಜೋಡಿಸಿ. ಮೇಲಿನಿಂದ ಒಂದು ಹಿಡಿ ಜೋಳ ಸುರಿದು, ಕೆಳಗಿಟ್ಟ ಬಟ್ಟಲಿಗೆ ಎಷ್ಟು ಬಂತು, ನೆಲಕ್ಕೆ ಎಲ್ಲೆಲ್ಲಿ ಬಿತ್ತು ಎಂದು ನೋಡಿ. ಈಗ ನಡುವಿನ ತುಂಡನ್ನು ಅರ್ಧ ಬೆರಳಿನಷ್ಟು ಪಕ್ಕಕ್ಕೆ ಸರಿಸಿ ಮತ್ತೆ ಸುರಿಯಿರಿ. ಆಮೇಲೆ ಇಳಿಜಾರನ್ನು ಹೆಚ್ಚಿಸಿ ನೋಡಿ. ಪ್ರತಿ ಸಲವೂ ಒಂದನ್ನು ಮಾತ್ರ ಬದಲಿಸಬೇಕು, ಬಿದ್ದ ಕಾಳುಗಳನ್ನು ಎಣಿಸಿ ಬರೆದಿಡಬೇಕು.

ಕೊನೆಗೆ ಕೋಣೆಯ ಹೊರಗಿರುವ ಗೆಳೆಯನನ್ನು ಕರೆಯಿರಿ. ರಟ್ಟುಗಳನ್ನು ತೆಗೆದಿಟ್ಟು, ನೆಲದ ಮೇಲೆ ಬಿದ್ದಿರುವ ಕಾಳುಗಳನ್ನಷ್ಟೇ ತೋರಿಸಿ, ಯಾವ ಜೋಡಣೆ ತಪ್ಪಿತ್ತು ಎಂದು ಕೇಳಿ. ಸರಿಯಾಗಿ ಹೇಳಿದರೆ, ಓಕ್ ರಿಜ್‌ನ ನಿಯಂತ್ರಣ ಕೋಣೆಯಲ್ಲಿ ದಿನವೂ ನಡೆಯುವ ಕೆಲಸವನ್ನೇ ಅವನು ಮಾಡಿದ ಹಾಗಾಯಿತು.